ತಪ್ಪನ್ನು ಎಣಿಸಿದವರು

ಆರನೆಯ ದಿನ ಬೆಳಗ್ಗೆ ಮೈ ಒರೆಸಲೆಂದು ಸಿಸ್ಟರ್ ಆತನ ಎಡಗೈ ಮೇಲೆತ್ತಿದರು. ಕಂಕುಳೊಳಗೆ ಒಂದು ಕಪ್ಪು ಹಕ್ಕಳೆ ಕಾಣಿಸಿತು. ಕಡಲೆಬೇಳೆಯಷ್ಟು ಅಗಲ, ಸುತ್ತ ತೆಳ್ಳಗೆ ಕೆಂಪು. ಬೀಡಿಯ ತುದಿ ತಾಗಿ ಸುಟ್ಟ ಹಾಗಿತ್ತು. “ಸಾರ್, ಇದೇನು ನೋಡಿ” ಎಂದು ಅವರು ಕರೆದಾಗ ನಾನು ಪಕ್ಕದ ಮಂಚದವರ ಬಿಪಿ ನೋಡುತ್ತಿದ್ದೆ. ತಿರುಗಿ ನೋಡಿದವನಿಗೆ ಎದೆ ಧಸಕ್ಕೆಂದಿತು. ಆ ಗುರುತಿನ ಚಿತ್ರವನ್ನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೆ, ಪರೀಕ್ಷೆಯಲ್ಲಿ ಅದರ ಬಗ್ಗೆ ಬರೆದು ಅಂಕ ತೆಗೆದುಕೊಂಡಿದ್ದೆ. ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ. ಕಚ್ಚಿದ ಜಾಗ ನೋಯುವುದಿಲ್ಲ, ತುರಿಸುವುದೂ ಕಡಿಮೆ. ಹಾಗಾಗಿ ರೋಗಿ ತಾನಾಗಿ ತೋರಿಸುವುದಿಲ್ಲ, ವೈದ್ಯನೇ ಬಟ್ಟೆ ಸರಿಸಿ ಹುಡುಕಬೇಕು.

ನಾವು ಹುಡುಕಿರಲಿಲ್ಲ. ಆತ ಮಲೆನಾಡಿನ ರೈತ, ಅಡಿಕೆ ತೋಟಕ್ಕೆ ಸೊಪ್ಪು ತರಲು ಬೆಟ್ಟ ಹತ್ತುವವನು. ಜ್ವರ, ತಲೆನೋವು, ಮೈಕೈ ನೋವು ಎಂದು ಬಂದಿದ್ದ. ವಿಡಾಲ್ ಪರೀಕ್ಷೆ ಪಾಸಿಟಿವ್ ಬಂತು, ಕೇಸ್ ಶೀಟಿನಲ್ಲಿ ಟೈಫಾಯ್ಡ್ ಎಂದು ಬರೆದೆವು. ಬರೆದವನು ನಾನೇ. ಮರುದಿನ ರೌಂಡ್ಸಿಗೆ ಬಂದವರು ಅದರ ಕೆಳಗೆ ಟೈಫಾಯ್ಡ್, ಎರಡನೆಯ ದಿನ ಎಂದು ಬರೆದರು. ಅದರ ಮರುದಿನ ಮೂರನೆಯ ದಿನ. ಟೈಫಾಯ್ಡಿನ ಇಂಜೆಕ್ಷನ್ ಹೋಗುತ್ತಲೇ ಇತ್ತು, ಜ್ವರ ಇಳಿಯಲಿಲ್ಲ. ನಾಲ್ಕನೆಯ ದಿನ ಏದುಸಿರು ಶುರುವಾಯಿತು, ಮೂತ್ರ ಕಡಿಮೆಯಾಯಿತು, ಐಸಿಯುಗೆ ಸಾಗಿಸಿದೆವು. ಅಷ್ಟರಲ್ಲಿ ಆತನ ಸುತ್ತ ನಿಂತು ಹೋದ ಬಿಳಿ ಕೋಟುಗಳೆಷ್ಟೋ! ಒಬ್ಬರೂ ಆ ಕೈ ಎತ್ತಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಆತನ ಹೆಂಡತಿಯನ್ನು ಹೋಗಿ ಕೇಳಿದೆ. ಆಕೆ ಎದ್ದು ನಿಂತು ಹೇಳಿದ್ದು ಇಷ್ಟು: “ಅದು ಜ್ವರ ಬರೋಕೆ ಮುಂಚೇನೇ ಇತ್ತು ಡಾಕ್ಟ್ರೇ. ಬೆಟ್ಟದಲ್ಲಿ ಏನೋ ಕಚ್ಚಿರ್ಬೇಕು ಅಂತ ನಾನೇ ಕೊಬ್ಬರಿ ಎಣ್ಣೆ ಹಚ್ಚಿದ್ದೆ.”

ಡಾಕ್ಸಿಸೈಕ್ಲಿನ್ ಶುರು ಮಾಡಿದ ಎರಡು ದಿನಕ್ಕೆ ಜ್ವರ ಇಳಿಯಿತು. ಅಗ್ಗದ, ಎಲ್ಲ ಔಷಧಿ ಅಂಗಡಿಗಳಲ್ಲೂ ಸಿಗುವ ಔಷಧ ಅದು. ಅಷ್ಟರೊಳಗೆ ಆತನಿಗೆ ಎರಡು ಸಲ ಡಯಾಲಿಸಿಸ್ ಮಾಡಬೇಕಾಗಿ ಬಂದಿತ್ತು. ಬದುಕಿ ಮನೆಗೆ ಹೋದ.

ಆಗ ನಾನು ಪೀಜಿ ವಿದ್ಯಾರ್ಥಿ. ಆ ವರ್ಷದ ವೈದ್ಯಕೀಯ ಸಮ್ಮೇಳನವೊಂದಕ್ಕೆ ಪ್ರಬಂಧದ ಸಾರಾಂಶ ಕಳಿಸಲು ಕೆಲವೇ ದಿನ ಉಳಿದಿತ್ತು. ಇದನ್ನೇ ಬರೆದೆ. “ಆರು ದಿನ ತಡವಾದ ಡಯಾಗ್ನೋಸಿಸ್: ನಾವು ಎಲ್ಲಿ ಎಡವಿದೆವು?” ಎಂದು ಶೀರ್ಷಿಕೆ ಕೊಟ್ಟೆ. ಹಿರಿಯರೊಬ್ಬರು ಓದಿ, ಪ್ರೀತಿಯಿಂದಲೇ ಹೇಳಿದರು: “ಹೀಗೆ ಕಳಿಸಬೇಡ ಮಾರಾಯ. ತಗೊಳ್ಳೋದೂ ಇಲ್ಲ, ನಾಳೆ ನಿನಗೂ ಕಷ್ಟ. ಸ್ಕ್ರಬ್ ಟೈಫಸ್‌ನ ಅಪರೂಪದ ರೂಪ ಅಂತ ಬರಿ.” ಹಾಗೇ ಬರೆದೆ. ಪೋಸ್ಟರ್ ಸ್ವೀಕೃತವಾಯಿತು. ಹಕ್ಕಳೆಯ ದೊಡ್ಡ ಫೋಟೋ ಮುಂದೆ ಜನ ನಿಂತು ನೋಡಿದರು. ಆರನೆಯ ದಿನ ಯಾಕೆ, ಮೊದಲ ದಿನ ಯಾಕೆ ಕಾಣಲಿಲ್ಲ ಎಂದು ಯಾರೂ ಕೇಳಲಿಲ್ಲ. ಕೇಳುವಂತೆ ನಾನು ಬರೆದಿರಲೂ ಇಲ್ಲ. ಆ ರೋಗದ ರೂಪದಲ್ಲಿ ಅಪರೂಪದ್ದೇನೂ ಇರಲಿಲ್ಲ. ಪುಸ್ತಕದಲ್ಲಿ ಇದ್ದ ಹಾಗೆಯೇ ಇತ್ತು.

ತಪ್ಪನ್ನು ತಪ್ಪೆಂದೇ ಹೆಸರಿಟ್ಟು ವೈದ್ಯರ ಮುಂದೆ ಇಟ್ಟವರು ನೂರು ವರ್ಷದ ಹಿಂದೆಯೇ ಇದ್ದರೆಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ಕತೆ ಬೋಸ್ಟನ್ನಿನದು.

ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್ ಎಂದರೆ 1846ರಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಜಗತ್ತಿಗೆ ತೋರಿಸಿದ ಆಸ್ಪತ್ರೆ. 1890ರ ದಶಕದ ಕೊನೆಗೆ ಅಲ್ಲಿನ ಹೊರರೋಗಿ ವಿಭಾಗಕ್ಕೆ ರಿಚರ್ಡ್ ಕ್ಯಾಬಟ್ ಎಂಬ ಯುವ ವೈದ್ಯ ಬಂದ. 1868ರಲ್ಲಿ ಹುಟ್ಟಿದವನು, ಹಾರ್ವರ್ಡಿನಲ್ಲಿ ತತ್ವಶಾಸ್ತ್ರ ಓದಿ ಆಮೇಲೆ ವೈದ್ಯಕೀಯಕ್ಕೆ ಬಂದವನು. ರಕ್ತಪರೀಕ್ಷೆಯ ಮೇಲೆ ಆಗಲೇ ದೊಡ್ಡ ಪುಸ್ತಕ ಬರೆದಿದ್ದ. ಅದೇ ದಾರಿಯಲ್ಲಿ ಪ್ರಯೋಗಾಲಯ ಹಿಡಿದು ಕೂತಿದ್ದರೆ ಬೇಗ ಮೇಲೇರುತ್ತಿದ್ದನೇನೋ. ಅವನಿಗೆ ರೋಗಿಗಳು ಬೇಕಿತ್ತು.

ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. ನಮ್ಮ ಸರ್ಕಾರಿ ಆಸ್ಪತ್ರೆಗಳ ಸೋಮವಾರದ ಓಪಿಡಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ವಿಶ್ರಾಂತಿ ತಗೊಳ್ಳಿ, ಒಳ್ಳೆಯ ಆಹಾರ ತಿನ್ನಿ ಎಂದು ಬರೆದುಕೊಟ್ಟದ್ದನ್ನು ಬಡವರು ಮನೆಗೆ ಹೋಗಿ ಹೇಗೆ ಪಾಲಿಸುತ್ತಾರೆ, ಅವರ ಕೆಲಸ ಎಂಥದು, ಮಲಗುವ ಕೋಣೆ ಎಂಥದು ಎಂಬುದು ತನಗೆ ಗೊತ್ತೇ ಇಲ್ಲ ಎನ್ನುವುದು ಕ್ಯಾಬಟ್‌ಗೆ ಕೊರೆಯತೊಡಗಿತು. 1905ರಲ್ಲಿ ಆತ ಆಸ್ಪತ್ರೆಗೆ ಸಮಾಜ ಕಾರ್ಯಕರ್ತೆಯನ್ನು ತಂದ. ಆಡಳಿತದವರು ಸಂಬಳ ಕೊಡಲು ಒಪ್ಪದಿದ್ದಾಗ ತನ್ನ ಕೈಯಿಂದ ಹಣ ಹಾಕಿದ. ಇಂದು ಆಸ್ಪತ್ರೆಗಳಲ್ಲಿರುವ ವೈದ್ಯಕೀಯ ಸಮಾಜ ಕಾರ್ಯಕರ್ತರ ಪರಂಪರೆಗೆ ಅದು ದೊಡ್ಡ ಮೂಲ. ರೋಗದ ಅರ್ಧ ವಿಷಯ ರೋಗಿಯ ಮನೆಯಲ್ಲಿರುತ್ತದೆ ಎಂಬುದನ್ನು ಆತ ಆಗಲೇ ಕಂಡುಕೊಂಡಿದ್ದ. ನಾನು ಅದನ್ನು ಕಲಿಯಲು ಒಂದು ಬೆಂಚಿನ ಮುಂದೆ ನಿಲ್ಲಬೇಕಾಯಿತು.

ಎರಡನೆಯ ಹೆಜ್ಜೆ ಪಾಠ ಹೇಳುವ ಕೋಣೆಯಿಂದ ಬಂತು. 1900ರಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯ ವಿದ್ಯಾರ್ಥಿ ಒಂದು ಸಲಹೆ ಮುಂದಿಟ್ಟ. ಅವನ ಕೊಠಡಿಯ ಗೆಳೆಯ ಕಾನೂನು ಓದುತ್ತಿದ್ದ. ಕಾನೂನಿನವರು ನಿಜವಾದ ಮೊಕದ್ದಮೆಗಳನ್ನು ಹಿಡಿದು ರಾತ್ರಿಯಿಡೀ ವಾದ ಮಾಡುತ್ತಾರೆ, ನಾವು ಮಾತ್ರ ಉಪನ್ಯಾಸ ಕೇಳಿ ತೂಕಡಿಸುತ್ತೇವೆ, ವೈದ್ಯಕೀಯವನ್ನೂ ನಿಜವಾದ ರೋಗಿಗಳ ದಾಖಲೆ ಇಟ್ಟುಕೊಂಡೇ ಯಾಕೆ ಕಲಿಸಬಾರದು ಎಂಬುದು ಅವನ ವಾದದ ಸಾರ. ಮುಂದೆ ಈ ಕ್ಯಾನನ್ ದೊಡ್ಡ ಶರೀರಕ್ರಿಯಾ ವಿಜ್ಞಾನಿಯಾದ. ಅವನ ತಂಗಿ ಐಡಾ ಕ್ಯಾನನ್ ಕ್ಯಾಬಟ್‌ನ ಸಮಾಜ ಕಾರ್ಯ ವಿಭಾಗವನ್ನು ಕಟ್ಟಿ ಬೆಳೆಸಿದಳು. ಕ್ಯಾಬಟ್ ಆ ಸಲಹೆಯನ್ನು ಎತ್ತಿಕೊಂಡ. ರೋಗಿಯ ಕತೆಯನ್ನು ಓದಿ ಹೇಳುವುದು, ವಿದ್ಯಾರ್ಥಿಗಳಿಂದ ಡಯಾಗ್ನೋಸಿಸ್ ಹೇಳಿಸುವುದು, ಯಾಕೆ ಎಂದು ಕೇಳುವುದು ಅವನ ಪಾಠದ ಕ್ರಮವಾಯಿತು. ಹೀಗೆ ಕೇಳುತ್ತಾ ಹೋದವನು ಇನ್ನೊಂದು ಪ್ರಶ್ನೆಗೆ ಬಂದು ನಿಲ್ಲಲೇಬೇಕಿತ್ತು. ನಾವು ಹೇಳುವ ಉತ್ತರ ಸರಿಯೋ ತಪ್ಪೋ ಎಂದು ಹೇಳುವವರು ಯಾರು?

ಆ ಕಾಲದಲ್ಲಿ ಅದಕ್ಕೆ ಇದ್ದ ಒಂದೇ ನ್ಯಾಯಪೀಠ ಶವಪರೀಕ್ಷೆಯ ಮೇಜು. ಆಸ್ಪತ್ರೆಯ ರೋಗಶಾಸ್ತ್ರ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಜೇಮ್ಸ್ ಹೋಮರ್ ರೈಟ್. ರಕ್ತದ ಲೇಪಕ್ಕೆ ಹಾಕುವ ರೈಟ್ ಸ್ಟೇನ್ ಅವರದೇ ಹೆಸರಿನದು. ಕ್ಯಾಬಟ್ ಮಾಡಿದ ಕೆಲಸ ಹೇಳಲು ತೀರಾ ಸರಳ. ಸತ್ತವರ ಕೇಸ್ ದಾಖಲೆಯಲ್ಲಿ ವೈದ್ಯರು ಬದುಕಿದ್ದಾಗ ಬರೆದ ರೋಗದ ಹೆಸರನ್ನು ಒಂದು ಕಡೆ ಬರೆದ, ಶವಪರೀಕ್ಷೆಯಲ್ಲಿ ಕಂಡದ್ದನ್ನು ಅದರ ಎದುರಿಗೆ ಬರೆದ. ಎರಡನ್ನೂ ತಾಳೆ ನೋಡಿದ. ಒಂದಲ್ಲ, ಹತ್ತಲ್ಲ, ಸಾವಿರ. ಆ ಸಾವಿರ ಶವಪರೀಕ್ಷೆಗಳ ಅಧ್ಯಯನ 1910ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರಿನಲ್ಲೇ ತಪ್ಪಾದ ಡಯಾಗ್ನೋಸಿಸ್‌ಗಳ ಅಧ್ಯಯನ ಎಂದಿತ್ತು. ಅಪರೂಪದ ರೂಪ ಎಂಬ ಮುಸುಕು ಹಾಕಿರಲಿಲ್ಲ.

ಎರಡು ವರ್ಷದ ನಂತರ, 1912ರಲ್ಲಿ, ಮೂರು ಸಾವಿರ ಶವಪರೀಕ್ಷೆಗಳ ಲೆಕ್ಕ ಬಂತು. ಆ ಪಟ್ಟಿಯನ್ನು ನಾನು ಮೊದಲ ಸಲ ಓದಿದಾಗ ಬೆರಳಿಟ್ಟು ಒಂದೊಂದೇ ಸಾಲು ಇಳಿದಿದ್ದೆ. ಮಧುಮೇಹ ಇದ್ದವರಲ್ಲಿ ಶೇಕಡ 95 ಜನರಲ್ಲಿ ಅದು ಬದುಕಿದ್ದಾಗಲೇ ಗೊತ್ತಾಗಿತ್ತು. ಟೈಫಾಯ್ಡ್ ಶೇಕಡ 92. ಶ್ವಾಸಕೋಶದ ಒಂದು ಇಡೀ ಹಾಲೆಗೆ ಬರುವ ನ್ಯುಮೋನಿಯಾ 74, ಹೊಟ್ಟೆಯ ಕ್ಯಾನ್ಸರ್ 72. ಅಲ್ಲಿಂದ ಇಳಿಜಾರು. ಸಕ್ರಿಯ ಕ್ಷಯ 59, ಜಠರದ ಹುಣ್ಣು 36, ಚದುರಿದ ನ್ಯುಮೋನಿಯಾ 33, ಯಕೃತ್ತಿನ ಕುರು 20. ಕೊನೆಯಲ್ಲಿ ಮೂತ್ರಪಿಂಡದ ತೀವ್ರ ಉರಿಯೂತ ಶೇಕಡ 16. ಅಂದರೆ ಆ ಕಾಯಿಲೆಯಿದ್ದ ನೂರರಲ್ಲಿ 84 ಜನ, ಅಮೆರಿಕದ ಬಲು ಹೆಸರಾದ ಆಸ್ಪತ್ರೆಯೊಂದರಲ್ಲಿ, ತಮಗೇನಾಗಿದೆ ಎಂದು ಯಾರಿಗೂ ಗೊತ್ತಾಗದೆ ಸತ್ತಿದ್ದರು.

ಟೈಫಾಯ್ಡಿನ ಸಾಲಿನ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಶೇಕಡ 92 ಎಂದರೆ ಟೈಫಾಯ್ಡ್ ಇದ್ದವರನ್ನು ವೈದ್ಯರು ಬಹುಪಾಲು ಹಿಡಿದಿದ್ದರು ಎಂದು ಅರ್ಥ. ಟೈಫಾಯ್ಡ್ ಎಂದು ಹೆಸರಿಟ್ಟು ಚಿಕಿತ್ಸೆ ಕೊಟ್ಟವರಲ್ಲಿ ಎಷ್ಟು ಜನಕ್ಕೆ ಟೈಫಾಯ್ಡೇ ಇರಲಿಲ್ಲ ಎಂಬುದು ಬೇರೆ ಪ್ರಶ್ನೆ, ಆ ಸಂಖ್ಯೆ ಅದನ್ನು ಹೇಳುವುದಿಲ್ಲ. ನನ್ನ ರೋಗಿ ಆ ಎರಡನೆಯ ಗುಂಪಿನವನು. ಇನ್ನೊಂದನ್ನೂ ಹೇಳಬೇಕು. ಶವಪರೀಕ್ಷೆಗೆ ಹೋಗುವವರು ಎಲ್ಲ ರೋಗಿಗಳ ಪ್ರತಿನಿಧಿಗಳಲ್ಲ. ಅವರಲ್ಲಿ ತೊಡಕಿನ ಕೇಸುಗಳೇ ಹೆಚ್ಚು, ನೆಗಡಿ ಕೆಮ್ಮು ವಾಸಿಯಾಗಿ ಮನೆಗೆ ಹೋದವರು ಆ ಪಟ್ಟಿಗೆ ಬರುವುದೇ ಇಲ್ಲ. ಹಾಗಾಗಿ ಅದನ್ನು ಎಲ್ಲ ವೈದ್ಯರ ತಪ್ಪಿನ ಪ್ರಮಾಣ ಎಂದು ಓದಿದರೆ ಅನ್ಯಾಯವಾಗುತ್ತದೆ. ಆದರೆ ಮೊದಲ ಸಲ ಯಾರೋ ಎಣಿಸಿದ್ದರು. ಕಾಯಿಲೆ ಕಾಯಿಲೆಯಾಗಿ ಎಣಿಸಿ, ಎಲ್ಲಿ ಎಷ್ಟು ಎಡವುತ್ತೇವೆ ಎಂದು ಅಂಕಿ ಹಾಕಿದ್ದರು.

ಸಿಟ್ಟು ಬಾರದೇ ಇರುತ್ತದೆಯೇ? ಕ್ಯಾಬಟ್ ಸುಮ್ಮನಿರುವ ಜಾಯಮಾನದವನೂ ಅಲ್ಲ. ರೋಗಿಗೆ ಸುಳ್ಳು ಹೇಳಬಾರದು, ಹುಸಿ ಔಷಧ ಕೊಡಬಾರದು ಎಂದು 1903ರಲ್ಲೇ ಬರೆದಿದ್ದವನು, ಈಗ ವೈದ್ಯರ ತಪ್ಪಿನ ಬಗ್ಗೆ ಜನರ ಮುಂದೆಯೂ ಮಾತಾಡತೊಡಗಿದ. ರಾಜ್ಯದ ವೈದ್ಯರ ಸಂಘದಿಂದ ಅವನನ್ನು ಹೊರಹಾಕಬೇಕೆಂಬ ಕೂಗು ಎದ್ದಿತು. ಹಾಕಲಿಲ್ಲ. 1912ರಲ್ಲಿ ಆಸ್ಪತ್ರೆಯ ವೈದ್ಯ ವಿಭಾಗದ ಮುಖ್ಯಸ್ಥನಾದ, 1920ರಲ್ಲಿ ಹಾರ್ವರ್ಡಿನಲ್ಲಿ ಸಾಮಾಜಿಕ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿ ಹೋದ, 1939ರಲ್ಲಿ ತೀರಿಕೊಂಡ. ಅವನು ಬಿಟ್ಟು ಹೋದ ಒಂದು ಪದ್ಧತಿ ನಮ್ಮ ಮೆಡಿಕಲ್ ಕಾಲೇಜುಗಳಲ್ಲೂ ಇದೆ. ಸಿಪಿಸಿ ಎನ್ನುತ್ತೇವೆ. ಹಿರಿಯ ವೈದ್ಯರೊಬ್ಬರು ರೋಗಿಯ ದಾಖಲೆ ಓದಿ, ಎಲ್ಲರೆದುರು ಯೋಚಿಸುತ್ತಾ, ಇದು ಇಂಥ ರೋಗ ಎನ್ನುತ್ತಾರೆ. ಆಮೇಲೆ ರೋಗಶಾಸ್ತ್ರದವರು ಎದ್ದು ನಿಜ ಹೇಳುತ್ತಾರೆ. ಆ ಆಸ್ಪತ್ರೆಯ ಸಿಪಿಸಿಗಳು ಈಗಲೂ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಚ್ಚಾಗುತ್ತವೆ. ಹಿರಿಯರು ಎಲ್ಲರ ಮುಂದೆ ತಪ್ಪುವುದನ್ನು ಕಿರಿಯರು ನೋಡಲು ಸಿಗುವ ಜಾಗ ವೈದ್ಯಕೀಯದಲ್ಲಿ ಇಂದಿಗೂ ಹೆಚ್ಚೇನೂ ಇಲ್ಲ. ಸಿಪಿಸಿ ನಡೆಯುವ ಕಾಲೇಜಿನ ವಿದ್ಯಾರ್ಥಿಗಳು ಪುಣ್ಯವಂತರು ಎಂದೇ ನನ್ನ ಎಣಿಕೆ.

ಅದೇ ಆಸ್ಪತ್ರೆಯಲ್ಲಿ, ಅದೇ ವರ್ಷಗಳಲ್ಲಿ, ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯನೂ ಇದ್ದ. ಅವನ ಕತೆ ಇನ್ನೂ ಕಹಿ. ಪ್ರತಿ ರೋಗಿಗೂ ಒಂದು ಚೀಟಿ ಇರಬೇಕು, ಒಂದು ವರ್ಷದ ನಂತರ ಆತನನ್ನು ಮತ್ತೆ ನೋಡಿ ಕೊನೆಗೆ ಏನಾಯಿತು ಎಂದು ಬರೆಯಬೇಕು, ಗುಣವಾಗದಿದ್ದರೆ ಯಾಕೆ ಎಂದು ಬರೆಯಬೇಕು. ಇಷ್ಟೇ ಅವನ ಬೇಡಿಕೆ. ಅಲ್ಲಿ ಬಡ್ತಿ ಸಿಗುವುದು ವಯಸ್ಸಿನ ಮೇಲೆ, ಫಲಿತಾಂಶದ ಮೇಲಲ್ಲ ಎಂದು ಪ್ರತಿಭಟಿಸಿ 1914ರಲ್ಲಿ ರಾಜೀನಾಮೆ ಕೊಟ್ಟ. 1915ರ ಜನವರಿ 6ರಂದು ಬೋಸ್ಟನ್ ಮೆಡಿಕಲ್ ಲೈಬ್ರರಿಯಲ್ಲಿ ವೈದ್ಯರ ಸಭೆ ಕರೆದ. ಸ್ಥಳೀಯ ವೈದ್ಯರ ಸಂಘದ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಅವನೇ ಅಧ್ಯಕ್ಷ. ಊರಿನ ಮೇಯರ್ ಕೂಡ ಬಂದಿದ್ದರು. ಸಭೆಯ ಕೊನೆಗೆ ಕಾಡ್ಮನ್ ಒಂದು ದೊಡ್ಡ ವ್ಯಂಗ್ಯಚಿತ್ರ ಬಿಡಿಸಿ ತೋರಿಸಿದ. ಮರಳಿನಲ್ಲಿ ತಲೆ ಹೂತುಕೊಂಡ ಉಷ್ಟ್ರಪಕ್ಷಿ, ಅದೇ ಊರಿನ ಹಣವಂತ ಜನ. ಅದು ಹಿಂದಕ್ಕೆ ಒದೆಯುತ್ತಿರುವ ಚಿನ್ನದ ಮೊಟ್ಟೆಗಳನ್ನು ವೈದ್ಯರು ಆಯ್ದುಕೊಳ್ಳುತ್ತಿದ್ದಾರೆ. ನಿಜ ಹೇಳಿದರೆ ಹಕ್ಕಿ ಮೊಟ್ಟೆ ಇಡುವುದನ್ನು ನಿಲ್ಲಿಸೀತೇ ಎಂದು ಆಸ್ಪತ್ರೆಯವರು ಯೋಚಿಸುತ್ತಿದ್ದಾರೆ. ಸಭೆ ಗದ್ದಲದಲ್ಲಿ ಮುಗಿಯಿತು. ಅಧ್ಯಕ್ಷ ಸ್ಥಾನ ಹೋಯಿತು, ಹಾರ್ವರ್ಡಿನ ಕೆಲಸವೂ ಹೋಯಿತು.

ಕಾಡ್ಮನ್ ತನ್ನದೇ ಸಣ್ಣ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಚಿಕಿತ್ಸೆ ಪಡೆದು ಹೋದ 337 ರೋಗಿಗಳ ಲೆಕ್ಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. 123 ತಪ್ಪುಗಳನ್ನು ಅದರಲ್ಲಿ ಬರೆದ. ಕೈಚಳಕದ ತಪ್ಪು, ವಿವೇಚನೆಯ ತಪ್ಪು, ಆರೈಕೆಯ ತಪ್ಪು, ಡಯಾಗ್ನೋಸಿಸ್‌ನ ತಪ್ಪು ಎಂದು ಒಂದೊಂದಕ್ಕೂ ಒಂದೊಂದು ಅಕ್ಷರದ ಗುರುತು ಇಟ್ಟಿದ್ದ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟಬಾರದ ಪಿತ್ತನಾಳವನ್ನು ತಾನೇ ಕಟ್ಟಿಹಾಕಿ ರೋಗಿಯನ್ನು ಕಳೆದುಕೊಂಡದ್ದೂ ಅದರಲ್ಲಿದೆ. ಬೇರೆಯವರ ತಪ್ಪು ಎಣಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಬಹಳ. 1940ರಲ್ಲಿ ಸತ್ತಾಗ ಅವನ ಸಮಾಧಿಗೆ ಕಲ್ಲು ಕೂಡ ಇಡಿಸಿರಲಿಲ್ಲ. 2014ರಲ್ಲಿ ವೈದ್ಯರೇ ಸೇರಿ ಕಲ್ಲು ನಿಲ್ಲಿಸಿದರು.

ಆಮೇಲೆ ಎಕ್ಸ್‌ರೇ ಸುಧಾರಿಸಿತು, ಅಲ್ಟ್ರಾಸೌಂಡ್ ಬಂತು, ಸಿಟಿ ಸ್ಕ್ಯಾನ್ ಬಂತು. ಹೊಟ್ಟೆ ಕೊಯ್ಯದೆಯೇ ಒಳಗಿರುವುದು ಕಾಣುವಾಗ ಕ್ಯಾಬಟ್‌ನ ಪಟ್ಟಿ ಹಳೆಯ ಕಾಲದ್ದು ಎಂದು ಯಾರಿಗಾದರೂ ಅನ್ನಿಸುತ್ತದೆ. ಶವಪರೀಕ್ಷೆ ಯಾಕೆ ಬೇಕು ಎಂದು ಅಮೆರಿಕದ ಆಸ್ಪತ್ರೆಗಳೂ ಅದನ್ನು ಬಿಡುತ್ತಾ ಬಂದವು. ಇಷ್ಟು ಪ್ರಮಾಣದಲ್ಲಾದರೂ ಮಾಡಲೇಬೇಕೆಂದು ಮಾನ್ಯತೆ ಕೊಡುವ ಸಂಸ್ಥೆಯವರು ಇಟ್ಟಿದ್ದ ನಿಯಮ 1970ರ ದಶಕದ ಆರಂಭದಲ್ಲಿ ಹೋಯಿತು. ಆಗ, ಬೋಸ್ಟನ್ನಿನದೇ ಇನ್ನೊಂದು ಆಸ್ಪತ್ರೆಯಲ್ಲಿ, ಲೀ ಗೋಲ್ಡ್‌ಮನ್ ಮತ್ತು ಜೊತೆಗಾರರು 1960, 1970, 1980 ಈ ಮೂರು ವರ್ಷಗಳಿಂದ ತಲಾ ನೂರು ಶವಪರೀಕ್ಷೆಗಳನ್ನು ತೆಗೆದು ತಾಳೆ ನೋಡಿದರು. 1983ರಲ್ಲಿ ಬಂದ ಫಲಿತಾಂಶ ನೋಡಿ. ಮೊದಲೇ ಗೊತ್ತಾಗಿದ್ದರೆ ಚಿಕಿತ್ಸೆ ಬದಲಾಗಿ ರೋಗಿ ಇನ್ನಷ್ಟು ದಿನ ಬದುಕಬಹುದಿತ್ತು ಎನ್ನುವಂಥ ತಪ್ಪು ಸುಮಾರು ಶೇಕಡ 10 ಜನರಲ್ಲಿ. ಇಪ್ಪತ್ತು ವರ್ಷಗಳಲ್ಲಿ ಅದು ಇಳಿದೇ ಇರಲಿಲ್ಲ. ಯಂತ್ರ ಹೇಳಿದ್ದನ್ನು ಅತಿಯಾಗಿ ನಂಬಿದ್ದರಿಂದಲೇ ಕೆಲವು ರೋಗ ತಪ್ಪಿಹೋಗಿದ್ದವು.

ನಮ್ಮಲ್ಲಿ ಪೊಲೀಸ್ ಕೇಸುಗಳನ್ನು ಬಿಟ್ಟರೆ ಶವಪರೀಕ್ಷೆ ತೀರಾ ಕಡಿಮೆ. ಮನೆಯವರ ನೋವನ್ನು ನೋಡುತ್ತಾ ಅದನ್ನು ಕೇಳಲು ನಮಗೂ ಬಾಯಿ ಬರುವುದಿಲ್ಲ. ತಪ್ಪು ತಿಳಿಯುವ ಆ ಹಳೆಯ ದಾರಿ ನಮಗೆ ಹೆಚ್ಚುಕಡಿಮೆ ಮುಚ್ಚಿದೆ. ಹಾಗಿದ್ದರೆ ಬದುಕಿದ್ದವರಿಂದಲೇ ತಿಳಿಯುವ ದಾರಿ ಬೇಕಲ್ಲವೇ?

ಆ ದಾರಿ ಹುಡುಕಿದವರಲ್ಲಿ ಮಾರ್ಕ್ ಗ್ರೇಬರ್ ಮುಖ್ಯರು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರ ವೈದ್ಯರು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವೈದ್ಯಕೀಯ ತಪ್ಪುಗಳ ಬಗ್ಗೆ ಒಂದು ವರದಿ ತಂದಿತ್ತು. ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ತಪ್ಪುಗಳಿಂದ ಸಾಯುತ್ತಾರೆ ಎಂದು ಅದು ಅಂದಾಜು ಮಾಡಿದಾಗ ದೇಶವೇ ಬೆಚ್ಚಿಬಿದ್ದಿತು. ಆ ದಪ್ಪ ವರದಿಯಲ್ಲಿ ಔಷಧದ ತಪ್ಪು ಎಂಬ ಮಾತು 70 ಸಲ ಬರುತ್ತದೆ, ಡಯಾಗ್ನೋಸಿಸ್ ತಪ್ಪು ಎಂಬುದು ಎರಡೇ ಸಲ. ಇದನ್ನು ಆಮೇಲೆ ಎಣಿಸಿ ಹೇಳಿದವರು ರಾಬರ್ಟ್ ವಾಚರ್ ಎಂಬ ವೈದ್ಯರು. ಕಾರಣ ಊಹಿಸುವುದು ಕಷ್ಟವಲ್ಲ. ತಪ್ಪು ಮಾತ್ರೆ ಕೊಟ್ಟರೆ ಸ್ಟ್ರಿಪ್ ಸಾಕ್ಷಿಗಿರುತ್ತದೆ. ತಪ್ಪು ಯೋಚನೆ ವೈದ್ಯನ ತಲೆಯಲ್ಲಿ ಹುಟ್ಟಿ, ಕೇಸ್ ಶೀಟಿನಲ್ಲಿ ಒಂದು ಪದವಾಗಿ ಕೂತುಬಿಡುತ್ತದೆ.

ಗ್ರೇಬರ್ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಜೊತೆಗೆ ಕರೆದುಕೊಂಡು ಆ ತಲೆಯೊಳಗೆ ಹೋಗಲು ನೋಡಿದರು. ಐದು ಆಸ್ಪತ್ರೆಗಳಿಂದ ಡಯಾಗ್ನೋಸಿಸ್ ತಪ್ಪಿದ 100 ಕೇಸುಗಳನ್ನು ಕೂಡಿಸಿದರು. ಸಾಧ್ಯವಾದಲ್ಲೆಲ್ಲ ಆ ವೈದ್ಯರನ್ನೇ ಕೂರಿಸಿಕೊಂಡು ಕೇಳಿದರು. ತೊಂಬತ್ತು ರೋಗಿಗಳಿಗೆ ಹಾನಿಯಾಗಿತ್ತು, ಅವರಲ್ಲಿ 33 ಜನ ಸತ್ತಿದ್ದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನ 592 ಕಾರಣಗಳನ್ನು ಗುರುತಿಸಿತು, ಒಂದು ಕೇಸಿಗೆ ಸರಾಸರಿ ಆರು. ವ್ಯವಸ್ಥೆಯ ಲೋಪ ಶೇಕಡ 65 ಕೇಸುಗಳಲ್ಲಿ, ಯೋಚನೆಯ ಲೋಪ 74ರಲ್ಲಿ. ಬಹಳಷ್ಟು ಕಡೆ ಎರಡೂ ಕೂಡಿಕೊಂಡಿದ್ದವು. ವೈದ್ಯರಿಗೆ ಆ ರೋಗದ ಬಗ್ಗೆ ಗೊತ್ತೇ ಇರಲಿಲ್ಲ ಎನ್ನುವಂಥ ಕೇಸುಗಳು ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು, ಹೊಂದುವ ಒಂದು ಹೆಸರು ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸಿಬಿಡುವುದು.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ವಿಡಾಲ್ ರಿಪೋರ್ಟಿನ ಗುಲಾಬಿ ಕಾಗದ. ಸ್ಕ್ರಬ್ ಟೈಫಸ್ ನನಗೆ ಗೊತ್ತಿತ್ತು. ಕಾಗದ ಬಂದ ಮೇಲೆ ನಾನು ಹುಡುಕುವುದನ್ನು ನಿಲ್ಲಿಸಿದ್ದೆ. ಆಮೇಲೆ ಬಂದವರು ನನ್ನ ಬರಹವನ್ನು ಓದಿ ಅದನ್ನೇ ಬರೆದರು. ಇದಕ್ಕೂ ಹೆಸರು ಇದೆಯೆಂದು ಕೆನಡಾದ ಪ್ಯಾಟ್ ಕ್ರಾಸ್ಕರಿ ಅವರ ಬರಹಗಳಿಂದ ತಿಳಿಯಿತು. ಮನಶ್ಶಾಸ್ತ್ರ ಓದಿ, ಆಮೇಲೆ ತುರ್ತು ಚಿಕಿತ್ಸೆಯ ವೈದ್ಯರಾದವರು ಅವರು. ಒಮ್ಮೆ ಅಂಟಿಸಿದ ರೋಗದ ಹೆಸರು ಕೈಯಿಂದ ಕೈಗೆ ದಾಟುತ್ತಾ ಗಟ್ಟಿಯಾಗುತ್ತದೆ, ಯಾರೋ ಊಹಿಸಿದ್ದು ಮೂರನೆಯವರ ಹೊತ್ತಿಗೆ ಖಚಿತ ಸತ್ಯವಾಗಿರುತ್ತದೆ ಎಂದು ಅವರು ತೋರಿಸಿಕೊಟ್ಟರು. ಟೈಫಾಯ್ಡ್, ಎರಡನೆಯ ದಿನ. ಟೈಫಾಯ್ಡ್, ಮೂರನೆಯ ದಿನ.

ಇಷ್ಟೆಲ್ಲ ಅಧ್ಯಯನ ನಡೆದರೂ ಅದನ್ನು ತೆಗೆದುಕೊಂಡು ಹೋಗಲು ಒಂದು ಸಭೆ ಇರಲಿಲ್ಲ. ಹೃದಯದವರಿಗೆ, ಮೂತ್ರಪಿಂಡದವರಿಗೆ, ಚರ್ಮದವರಿಗೆ ತಮ್ಮತಮ್ಮ ಸಮ್ಮೇಳನ ಇದೆ. ತಪ್ಪಿದ ಡಯಾಗ್ನೋಸಿಸ್‌ಗೆ ಯಾವ ವಿಭಾಗ? 2008ರಲ್ಲಿ ಗ್ರೇಬರ್ ಮತ್ತು ವೈದ್ಯಕೀಯ ಮಾಹಿತಿ ವಿಜ್ಞಾನದ ಈಟಾ ಬರ್ನರ್ ಸೇರಿ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಅದಕ್ಕೆಂದೇ ಮೊದಲ ಸಮ್ಮೇಳನ ನಡೆಸಿದರು. ವೈದ್ಯರು, ಮನಶ್ಶಾಸ್ತ್ರಜ್ಞರು, ಕಂಪ್ಯೂಟರ್ ಬಲ್ಲವರು ಒಂದೇ ಕೋಣೆಯಲ್ಲಿ ಕೂತರು. ಮುಂದಿನ ವರ್ಷಗಳಲ್ಲಿ ರೋಗಿಗಳೂ, ತಪ್ಪಿನಿಂದ ಮನೆಯವರನ್ನು ಕಳೆದುಕೊಂಡವರೂ ಬಂದು ಮಾತಾಡಿದರು. 2011ರಲ್ಲಿ ಒಂದು ಸಂಘ ಹುಟ್ಟಿತು, 2014ರಲ್ಲಿ ಡಯಾಗ್ನೋಸಿಸ್ ಎಂಬ ಹೆಸರಿನದೇ ಒಂದು ಪತ್ರಿಕೆ.

ಆ ಪತ್ರಿಕೆಯ ಮೊದಲ ವರ್ಷದಲ್ಲೇ ಒಂದು ಕೇಸಿನ ವಿಶ್ಲೇಷಣೆ ಬಂತು. 2014ರ ಸೆಪ್ಟೆಂಬರಿನಲ್ಲಿ ಡಲ್ಲಾಸ್ ನಗರದ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಜ್ವರವೆಂದು ಬಂದವನೊಬ್ಬ, ತಾನು ಆಫ್ರಿಕಾದಿಂದ ಬಂದೆನೆಂದು ನರ್ಸ್‌ಗೆ ಹೇಳಿದ್ದ. ಆಕೆ ಅದನ್ನು ಬರೆದೂ ಇದ್ದಳು. ಆದರೂ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಅಮೆರಿಕದೊಳಗೆ ಪತ್ತೆಯಾದ ಮೊದಲ ಎಬೋಲಾ ರೋಗಿ ಅವನು, ಮುಂದೆ ತೀರಿಕೊಂಡ. ಇಲ್ಲಿಯೂ ಬೇಕಾದ ವಿಷಯ ಗೊತ್ತಿದ್ದವರು ಇದ್ದರು. ಆ ವಿಶ್ಲೇಷಣೆ ಬರೆದವರಲ್ಲಿ ಹ್ಯೂಸ್ಟನ್ನಿನ ಹರ್ದೀಪ್ ಸಿಂಗ್ ಒಬ್ಬರು. ಅದೇ ವರ್ಷ ಅವರೂ ಜೊತೆಗಾರರೂ ಇನ್ನೊಂದು ಅಂದಾಜು ಕೊಟ್ಟರು. ಅಮೆರಿಕದಲ್ಲಿ ಹೊರರೋಗಿಗಳಾಗಿ ಹೋಗುವ ವಯಸ್ಕರಲ್ಲಿ ವರ್ಷಕ್ಕೆ ಶೇಕಡ 5, ಅಂದರೆ 1.2 ಕೋಟಿ ಜನ, ಡಯಾಗ್ನೋಸಿಸ್ ತಪ್ಪಿಗೆ ಸಿಲುಕುತ್ತಾರೆ ಎಂದು.

2015ರ ಸೆಪ್ಟೆಂಬರಿನಲ್ಲಿ, ಹದಿನಾರು ವರ್ಷದ ಹಿಂದಿನ ವರದಿಯಲ್ಲಿ ಎರಡೇ ಸಲ ಆ ಮಾತು ಎತ್ತಿದ್ದ ಪರಂಪರೆಯಿಂದಲೇ, ಡಯಾಗ್ನೋಸಿಸ್ ತಪ್ಪಿನ ಬಗ್ಗೆ ಇಡೀ ಒಂದು ವರದಿ ಬಂತು. ಅದು ಕೊಟ್ಟ ವ್ಯಾಖ್ಯೆ ನನಗೆ ಬಾಯಿಪಾಠ. ರೋಗಿಯ ತೊಂದರೆಗೆ ಸರಿಯಾದ ಕಾರಣವನ್ನು ಸಕಾಲದಲ್ಲಿ ಕಂಡುಹಿಡಿಯದಿರುವುದು ತಪ್ಪು, ಕಂಡುಹಿಡಿದದ್ದನ್ನು ರೋಗಿಗೆ ತಿಳಿಸದಿರುವುದೂ ತಪ್ಪು. 2024ರ ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಷಯವನ್ನು ಆರಿಸಿಕೊಂಡಿತ್ತು.

ವ್ಯಾಖ್ಯೆಯ ಎರಡನೆಯ ಅರ್ಧ ನನ್ನನ್ನು ಬಿಡಲಿಲ್ಲ. ಆ ರೈತನಿಗೆ ನಾವು ರೋಗದ ಹೆಸರು ಹೇಳಿದ್ದೆವು. ಆರು ದಿನ ತಪ್ಪು ಔಷಧ ಕೊಟ್ಟೆವು ಎಂದು ಹೇಳಿರಲಿಲ್ಲ. ಹಳೆಯ ವಿಳಾಸ ಹಿಡಿದು ಕಳೆದ ಮಳೆಗಾಲ ಮುಗಿದ ಮೇಲೆ ಅವರ ಊರಿಗೆ ಹೋದೆ. ಆತ ತೋಟದಲ್ಲಿದ್ದ, ಕೂದಲು ಬೆಳ್ಳಗಾಗಿತ್ತು. ಆತನ ಹೆಂಡತಿ ಜಗಲಿಯಲ್ಲಿ ಕೂರಿಸಿ ಕಷಾಯ ಕೊಟ್ಟರು. ನಡೆದದ್ದನ್ನೆಲ್ಲ ಹೇಳಿದೆ. ಇದನ್ನು ವೈದ್ಯರ ಸಭೆಯಲ್ಲಿ ಹೇಳಬೇಕೆಂದಿದ್ದೇನೆ, ನಿಮ್ಮ ಹೆಸರು ಬರುವುದಿಲ್ಲ, ಒಪ್ಪಿಗೆ ಬೇಕು ಎಂದೆ. ಆತ ಸ್ವಲ್ಪ ಹೊತ್ತು ಅಂಗಳ ನೋಡಿದ, ಆಮೇಲೆ ತಲೆಯಾಡಿಸಿದ. ಆಕೆ ಕೇಳಿದರು: “ಇದನ್ನ ಹೇಳಿದ್ರೆ ನಿಮಗೆ ತೊಂದ್ರೆ ಆಗಲ್ವಾ ಡಾಕ್ಟ್ರೇ?”

ಈಗ ಪೀಜಿಗಳಿಗೆ ಪಾಠ ಹೇಳುವ ವಯಸ್ಸು ನನ್ನದು. ಅವರು ತರುವ ಸಾರಾಂಶಗಳಲ್ಲಿ ಅಪರೂಪದ ರೂಪ ಎಂಬ ಶೀರ್ಷಿಕೆ ಕಂಡಾಗಲೆಲ್ಲ, ಇದು ಗೊತ್ತಾದದ್ದು ಎಷ್ಟನೆಯ ದಿನ ಎಂದು ಕೇಳುತ್ತೇನೆ. ಸಮ್ಮೇಳನ ನಡೆಸುವ ಹಿರಿಯರಲ್ಲಿ ನನ್ನದೊಂದು ಬೇಡಿಕೆಯಿದೆ. ಎರಡು ಮೂರು ದಿನದ ಕಾರ್ಯಕ್ರಮದಲ್ಲಿ ಒಂದು ಗಂಟೆ ತಪ್ಪಿದ ಡಯಾಗ್ನೋಸಿಸ್‌ಗಳಿಗೆ ಕೊಡಿ. ಹೇಳುವ ಕಿರಿಯರಿಗೆ ಶಿಕ್ಷೆ ಬೇಡ, ರೋಗಿಯ ಗುರುತು ಬೇಡ. ಯಾವ ದಿನ ಯಾರ ಕೈಯಲ್ಲಿ ಯಾವ ವಿಷಯ ಇತ್ತು, ಅದು ಎಲ್ಲಿ ನಿಂತಿತು ಎಂದು ಹೇಳಲು ಒಂದು ಮೈಕು ಸಾಕು.

ಈ ವರ್ಷದ ಸಮ್ಮೇಳನಕ್ಕೆ ಆ ಕೇಸನ್ನು ಮೊದಲಿನ ಶೀರ್ಷಿಕೆಯಲ್ಲೇ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸಾರಾಂಶದ ಮೊದಲ ಸಾಲು ಆಕೆಯ ಮಾತು: ಅದು ಜ್ವರ ಬರೋಕೆ ಮುಂಚೇನೇ ಇತ್ತು.